ಇಪ್ಪತ್ತನಾಲ್ಕನೆಯ ಸಾಲಿನ ಖೋಲಿ

ಕುರ್ಲಾದ ಅಷ್ಟಭುಜಾ ಚಾಳಿನ ನಲವತ್ತೆಂಟು ಕುಟುಂಬಗಳಿಗೆ ಹೊಸ ಕಟ್ಟಡದಲ್ಲಿ ಮನೆ ಹಂಚುವ ಪಟ್ಟಿಯು ಆರು ಪುಟಗಳದ್ದಾಗಿರತಕ್ಕದ್ದು, ಪ್ರತಿ ಪುಟದಲ್ಲಿ ಎಂಟೇ ಸಾಲುಗಳಿರತಕ್ಕದ್ದು, ಯಾವ ಪುಟದಲ್ಲಿ ಯಾರ ಸಾಲು ಬರುತ್ತದೆಯೋ ಆ ಮಹಡಿಯಲ್ಲೇ ಅವರ ಮನೆ ಬರತಕ್ಕದ್ದು ಎಂದು ದಾದರಿನ ಚಾಳು ಪುನರ್ವಸತಿ ಸಮನ್ವಯ ಕಚೇರಿ ನಿರ್ಧರಿಸಿತ್ತು. ಕಟ್ಟಡಕ್ಕೆ ಆರು ಮಹಡಿ, ಮಹಡಿಗೆ ಎಂಟು ಮನೆ. ನಕ್ಷೆಯಲ್ಲೊಂದು ಪಟ್ಟಿಯಲ್ಲೊಂದು ಎಂಬ ತಕರಾರು ಬರಬಾರದೆಂದು ಪಟ್ಟಿಯನ್ನೇ ನಕ್ಷೆ ಮಾಡಿದ್ದರು. ಈ ಉಪಾಯ ಕಂಡುಹಿಡಿದ ಅಧಿಕಾರಿಗೆ ಬಡ್ತಿ ಸಿಕ್ಕಿ ಅವರು ಬೇರೆ ಕಚೇರಿಗೆ ಹೋಗಿದ್ದರಿಂದ, ಅದನ್ನು ಬದಲಿಸುವ ಅಧಿಕಾರವೂ ಅವರ ಜೊತೆಗೇ ಹೋಗಿತ್ತು.

ಪಟ್ಟಿಯನ್ನು ಟೈಪ್ ಮಾಡಿದವನು ಯಲ್ಲಾಲಿಂಗ. ಆ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಅವನನ್ನು ಕೆಲಸದಿಂದ ತೆಗೆದು, ಒಂದು ದಿನ ಮನೆಯಲ್ಲಿ ಕೂರಿಸಿ, ಮರುದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಅವನು ಇರುವುದೂ ಅದೇ ಅಷ್ಟಭುಜಾ ಚಾಳಿನಲ್ಲಿ, ಇಪ್ಪತ್ತನಾಲ್ಕನೆಯ ಖೋಲಿಯಲ್ಲಿ, ಚಿಗವ್ವ, ಅಂದರೆ ಚಿಕ್ಕಮ್ಮ, ಭಾಗವ್ವನ ಜೊತೆ. ಮುದ್ದೇಬಿಹಾಳದ ಕಡೆಯಿಂದ ಬಂದ ಅವನಿಗೆ ಅನ್ನ ಹಾಕಿ, ಕಂಪ್ಯೂಟರ್ ಕ್ಲಾಸಿಗೆ ಕಳಿಸಿದವಳು ಅವಳೇ. ಅವಳ ಗಂಡ ಶಾಂತಪ್ಪ ಕಟ್ಟಡದ ಕೆಲಸದವನು. ಒಂಬತ್ತು ವರ್ಷದ ಹಿಂದೆ ತೀರಿಕೊಂಡಿದ್ದ.

ಪಟ್ಟಿಯಲ್ಲಿ ನಾಲ್ಕು ಕಾಲಂ ಇದ್ದವು: ಕ್ರಮಸಂಖ್ಯೆ, ಹೆಸರು, ಹಳೆಯ ಖೋಲಿ ನಂಬರು, ಷರಾ. ಷರಾ ಎಂದರೆ ಮೇಲಧಿಕಾರಿಗಳು ತಮ್ಮ ಅಭಿಪ್ರಾಯ ಬರೆಯುವ ಜಾಗ. ಅಧಿಕಾರಿಗಳ ಅಭಿಪ್ರಾಯ ದೊಡ್ಡದಿರುತ್ತದೆಂದು ಅದಕ್ಕೆ ಅರ್ಧ ಪುಟ ಕೊಟ್ಟಿದ್ದರು. ಉಳಿದ ಅರ್ಧದಲ್ಲಿ ಹೆಸರುಗಳು ಲೋಕಲ್ ಗಾಡಿಯ ಜನರಂತೆ ಒತ್ತಿಕೊಂಡು ನಿಂತಿದ್ದವು.

ಪ್ರಿಂಟ್ ತೆಗೆದ ದಿನ ಯಲ್ಲಾಲಿಂಗ ಹಾಳೆಗಳನ್ನು ಎರಡೆರಡು ಸಲ ತಿರುವಿ ನೋಡಿದ. ಮೂರನೆಯ ಪುಟದಲ್ಲಿ ಉದ್ದ ಹೆಸರಿನವರು ಹೆಚ್ಚಾಗಿ, ಅದರ ಕೊನೆಯ ಸಾಲು, ಅಂದರೆ ಚಿಗವ್ವನದು, ಪುಟದ ಅಂಚಿನಲ್ಲಿ ಎರಡು ಹೋಳಾಗಿತ್ತು. ಮೂರನೆಯ ಪುಟದ ತಳದಲ್ಲಿ ‘ಶ್ರೀಮತಿ ಭಾಗವ್ವ’ ಎಂದಿತ್ತು. ನಾಲ್ಕನೆಯ ಪುಟದ ನೆತ್ತಿಯಲ್ಲಿ ‘ಗಂಡ ಶಾಂತಪ್ಪ ಮುದ್ದೇಬಿಹಾಳಕರ’ ಎಂದಿತ್ತು. ನಾಲ್ಕನೆಯ ಪುಟದವರೆಲ್ಲ ಗಿಡ್ಡ ಹೆಸರಿನವರಾದ್ದರಿಂದ ಆ ಅರ್ಧ ಸಾಲು ಅಲ್ಲಿ ಹೇಗೋ ಹಿಡಿದಿತ್ತು.

ಇದನ್ನು ಸರಿಪಡಿಸುವುದು ಎರಡು ಕ್ಲಿಕ್ಕಿನ ಕೆಲಸ. ಸಾಲು ಪುಟಗಳ ನಡುವೆ ಒಡೆಯಬಹುದು ಎಂಬ ಮಾತಿನ ಎದುರಿಗೊಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ ಸಾಲು ಇಡಿಯಾಗಿ ಮುಂದಿನ ಪುಟಕ್ಕೆ ಹೋಗುತ್ತದೆ. ಯಲ್ಲಾಲಿಂಗ ಊಟದ ವಿರಾಮದಲ್ಲಿ ಟಿಕ್ ತೆಗೆದ. ಚಿಗವ್ವ ಇಡಿಯಾಗಿ ನಾಲ್ಕನೆಯ ಪುಟಕ್ಕೆ ಹೋದಳು. ನಾಲ್ಕರ ಕೊನೆಯವರು ಐದಕ್ಕೆ ಬಿದ್ದರು, ಐದರ ಕೊನೆಯವರು ಆರಕ್ಕೆ ಬಿದ್ದರು, ಆರರ ಕೊನೆಯಲ್ಲಿದ್ದ ಒಬ್ಬರು ಏಳನೆಯ ಪುಟದಲ್ಲಿ ಒಂಟಿಯಾಗಿ ಬಂದು ಕೂತರು. ಹಾಗೆ ಕೂತವರು ಚಾಳಿನ ಕಮಿಟಿಯ ಅಧ್ಯಕ್ಷರಾದ ಶಾಮಣ್ಣನವರು.

ಶಾಮಣ್ಣನವರು ಮೈಸೂರು ಕಡೆಯವರು, ಗಿರಣಿಯೊಂದರ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಗಾಳಿ ಬೆಳಕು ಚೆನ್ನಾಗಿರುತ್ತದೆಂದು ಆರನೆಯ ಮಹಡಿಯ ಮೂಲೆ ಮನೆಗಾಗಿಯೇ ಕೊನೆಯ ಕ್ರಮಸಂಖ್ಯೆ ಹಿಡಿದಿದ್ದರು. ಸುದ್ದಿ ತಿಳಿದ ಮರುದಿನ ಬೆಳಿಗ್ಗೆಯೇ ದಾದರಿಗೆ ಬಂದು ಅನುರಾಧಾ ಮೇಡಂ ಎದುರು ಕೂತರು. ಮೇಡಂ ಆ ಶಾಖೆಯ ಮುಖ್ಯಸ್ಥೆ, ಮಾಟುಂಗದಲ್ಲೇ ಹುಟ್ಟಿ ಬೆಳೆದವರು.

“ಏಳನೇ ಪುಟ ಅಂತ ಹಾಕಿದ್ದೀರಲ್ಲಮ್ಮ, ಏಳನೇ ಮಹಡಿ ಎಲ್ಲಿದೆ? ನನ್ನ ಸಂಸಾರ ಎಲ್ಲಿ ನಿಲ್ಲಬೇಕು, ಗಾಳೀಲೇ?” ಎಂದು ಕೇಳಿದರು.

ಅಂದು ಸಂಜೆಯೊಳಗೆ ಯಲ್ಲಾಲಿಂಗನಿಗೆ ಮೆಮೊ ಬಂತು. ವಿಷಯ: ಸಾಲುಗಳ ಅನಧಿಕೃತ ಸಂಚಾರ.

‘ತಾವು ಊಟದ ವಿರಾಮದಲ್ಲಿ, ಮೇಲಧಿಕಾರಿಗಳ ಗಮನಕ್ಕೆ ತಾರದೆ, ಒಂದು ಟಿಕ್ ತೆಗೆದು ಇಪ್ಪತ್ತೈದು ಕುಟುಂಬಗಳನ್ನು ಅವರವರ ಸ್ಥಾನದಿಂದ ಸರಿಸಿರುವುದು ಕಂಡುಬಂದಿದೆ. ಸರಿಸುವ ಮುನ್ನ ಸದರಿ ಕುಟುಂಬಗಳ ಒಪ್ಪಿಗೆ ಪಡೆದಿರುವುದಿಲ್ಲ. ಸದರಿ ಟಿಕ್ಕನ್ನು ಎಲ್ಲಿಂದ ತೆಗೆದಿರುವಿರೋ ಅಲ್ಲಿಯೇ, ಸುಸ್ಥಿತಿಯಲ್ಲಿ, ಮರಳಿ ಇಡತಕ್ಕದ್ದು.’

ಯಲ್ಲಾಲಿಂಗ ಟಿಕ್ಕನ್ನು ಸುಸ್ಥಿತಿಯಲ್ಲಿ ಮರಳಿ ಇಟ್ಟು, ಇಟ್ಟಿದ್ದೇನೆಂದು ಬರೆದುಕೊಟ್ಟು, ಮೇಡಂ ಮುಂದೆ ನಿಂತ.

“ಮೇಡಂ, ಷರಾ ಕಾಲಂ ಖಾಲಿನ ಐತ್ರಿ. ಎರಡು ಬೆರಳು ಸಣ್ಣದು ಮಾಡಿದ್ರ ಹೆಸರಿಗೆ ಜಾಗ ಆಗತೈತ್ರಿ.”

“ಅರೆ, ಖಾಲಿ ಅಂತ ಹೇಳ್ಬೇಡಿ ನಾ. ಬರೆಯೋದು ಬಾಕಿ ಇದೆ, ಬಸ್. ನಾಳೆ ಪ್ರೀತಮ್ ಸಾಹೇಬರಿಗೆ ಏನಾದ್ರೂ ಬರೀಬೇಕು ಅನಿಸಿದ್ರೆ ಜಾಗ ಎಲ್ಲಿಂದ ತರೋದು?”

ಪ್ರೀತಮ್ ಸಾಹೇಬರು ಕಚೇರಿಯ ನಿರ್ದೇಶಕರು. ಅವರಿಗಾಗಲಿ ಅವರ ಹಿಂದಿನವರಿಗಾಗಲಿ ಹತ್ತೊಂಬತ್ತು ವರ್ಷಗಳಿಂದ ಹಾಗೆ ಅನಿಸಿರಲಿಲ್ಲ.

“ಹಂಗಾರ ಅಕ್ಷರ ಸಣ್ಣದು ಮಾಡ್ಲೇನ್ರಿ?”

“ಒಬ್ಬರದ್ದು ಸಣ್ಣದು ಮಾಡಿದ್ರೆ ಅವರನ್ನ ಸಣ್ಣದಾಗಿ ನೋಡಿದ ಹಾಗೆ. ಇಲ್ಲಿ ಎಲ್ಲರೂ ಸಮಾನ.”

“ಪುಟದ ಅಂಚರ ಕಡಿಮಿ ಮಾಡ್ಲೇನ್ರಿ?”

“ಅಂಚಿನಲ್ಲಿ ಫೈಲಿನ ದಾರ ಹೋಗುತ್ತೆ, ಯಲ್ಲಾಲಿಂಗ್. ಮನುಷ್ಯರಿಗೋಸ್ಕರ ದಾರನ ತೆಗೆಯೋಕಾಗುತ್ತಾ?” ಮೇಡಂ ಮೃದುವಾಗಿ ಹೇಳಿದರು. ಅವರು ಕೆಟ್ಟವರಲ್ಲ. “ಸಿಂಪಲ್ ಉಪಾಯ ಹೇಳ್ತೀನಿ. ಗಂಡನ ಹೆಸರು ಹಾಕೋದು ಕಂಪಲ್ಸರಿ ಅಲ್ಲ. ಅದನ್ನ ತೆಗೀರಿ, ಸಾಲು ಫಿಟ್ ಆಗುತ್ತೆ. ಆ ಮನುಷ್ಯರು ಹೇಗೂ ಇಲ್ಲ ನಾ?”

ಸಂಜೆ ಯಲ್ಲಾಲಿಂಗ ಖೋಲಿಗೆ ಬಂದಾಗ ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ನಡೆದದ್ದೆಲ್ಲ ಹೇಳಿದ. ಅವಳು ರೊಟ್ಟಿ ತಿರುವಿ ಹಾಕಿ ಕೇಳಿದಳು.

“ಅವರ ಹೆಸರು ತಗದ್ರ ನನಗ ಇಡೀ ಖೋಲಿ ಸಿಗತೈತಿ?”

“ಸಿಗತೈತಿ ಚಿಗವ್ವ. ಮೂರನೇ ಮಹಡಿಯಾಗ.”

“ತಗೀಲಿಲ್ಲಂದ್ರ?”

“ಅರ್ಧ ಖೋಲಿ ಮೂರನೇ ಮಹಡಿಯಾಗ, ಅರ್ಧ ನಾಲ್ಕರಾಗ ಅಂತಾರ.”

ಭಾಗವ್ವ ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. “ಈ ಊರಾಗ ಎಷ್ಟು ಬಿಲ್ಡಿಂಗಿಗೆ ಅವರು ಇಟ್ಟಂಗಿ ಹೊತ್ತಾರ, ನನಗ ಗೊತ್ತೈತಿ. ನಾನೂ ಹೊತ್ತೀನಿ. ಒಂದರ ಮ್ಯಾಲರ ಅವರ ಹೆಸರು ಬರದಾರೇನು? ಈ ಕಾಗದದಾಗ ಒಂದು ಬಂದೈತಿ. ಅದನ್ನ ನೀನ ತಗೀತೀಯೇನೋ, ನಿನ್ನ ಕೈಲೆ?”

ಯಲ್ಲಾಲಿಂಗನಿಗೆ ನಾಚಿಕೆಯಾಯಿತು, ಅಳುವೂ ಬಂತು. ತಗಿಯಂಗಿಲ್ಲ ಚಿಗವ್ವ ಎಂದು ರೊಟ್ಟಿ ತಿಂದ.

ಮರುದಿನ ಭಾಗವ್ವ ದಾದರಿಗೆ ಬಂದು, ತನ್ನ ಸಾಲು ಒಡೆದಿರುವುದಕ್ಕೆ ತನ್ನ ತಕರಾರು ಇಲ್ಲವೆಂದು ಸಹಿ ಮಾಡಿಕೊಟ್ಟಳು. ಪ್ರೀತಮ್ ಸಾಹೇಬರು ಆದೇಶ ಹೊರಡಿಸಿದರು. ಸಾಲಿನ ಮೇಲಿನ ಅರ್ಧ ಕೆಳಗಿನ ಮಹಡಿಯಲ್ಲೂ ಕೆಳಗಿನ ಅರ್ಧ ಮೇಲಿನ ಮಹಡಿಯಲ್ಲೂ ಇರತಕ್ಕದ್ದೆಂದೂ, ಮೇಲಿನ ಅರ್ಧಕ್ಕೆ ಭಾಗವ್ವನೂ ಕೆಳಗಿನ ಅರ್ಧಕ್ಕೆ ಶಾಂತಪ್ಪನೂ ಹಕ್ಕುದಾರರೆಂದೂ, ಶಾಂತಪ್ಪ ಎಲ್ಲಿದ್ದರೂ ಈ ಆದೇಶ ಅನ್ವಯಿಸತಕ್ಕದ್ದೆಂದೂ ಅದರಲ್ಲಿತ್ತು.

ಕಟ್ಟಡದ ಎಂಜಿನಿಯರ್ ಯಕ್ಷಿತಾ ಎಂಬ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಮಾತು ಮಾತ್ರ ಹಿಂದಿಯಲ್ಲೇ ಬರುತ್ತಿತ್ತು. ಅವಳು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದಳು: ಈ ಎರಡು ಅರ್ಧಗಳ ನಡುವೆ ಏನಿದೆ? ಪುಟದ ಅಂಚು ಎಂದು ಕಚೇರಿ ಲಿಖಿತವಾಗಿ ಉತ್ತರಿಸಿತು. ಅವಳು ಆ ಅಂಚಿನಲ್ಲಿ ಒಂದು ತೂತು ಕೊರೆಸಿ ಕಬ್ಬಿಣದ ಏಣಿ ಇಡಿಸುವುದೆಂದು ಗುರುತು ಹಾಕಿಕೊಂಡಳು.

ಈ ಏಣಿಯ ಸುದ್ದಿ ಚಾಳಿಗೆ ಬಂದದ್ದೇ ತಡ, ಜನ ಬೇರೆ ರೀತಿ ನೋಡತೊಡಗಿದರು. ಎರಡು ಮಹಡಿಯ ಮನೆ, ಒಳಗೇ ಏಣಿ. ಇದಕ್ಕೆ ಡ್ಯುಪ್ಲೆಕ್ಸ್ ಎನ್ನುತ್ತಾರೆ, ಸಿನಿಮಾದವರು ಇರುವುದು ಇಂಥದರಲ್ಲೇ ಎಂದು ಪಕ್ಕದ ಖೋಲಿಯ ಹನುಮವ್ವ ನಲ್ಲಿಯ ಹತ್ತಿರ ಹೇಳಿದಳು. ಅರ್ಧಕ್ಕೆ ಅರ್ಧ ಕೂಡಿದರೆ ಒಂದೇ ಆಗುತ್ತದೆಂದು ಯಲ್ಲಾಲಿಂಗ ಎಷ್ಟು ಹೇಳಿದರೂ, ಮುಚ್ಚಿಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು. ಪುಟದ ಕೊನೆಯ ಸಾಲಿಗೆ ಒಮ್ಮೆಲೇ ಬೆಲೆ ಬಂತು.

ಶಾಮಣ್ಣನವರು ಮತ್ತೆ ದಾದರಿಗೆ ಬಂದರು. ಈ ಸಲ ಕೈಯಲ್ಲಿ ಅರ್ಜಿ ಇತ್ತು. ಪಟ್ಟಿಯಲ್ಲಿ ತಮ್ಮ ಹೆಸರು ತೀರ ಚಿಕ್ಕದಾಗಿ ಬಿದ್ದಿದೆ, ತಂದೆಯವರ ಹೆಸರು ಮತ್ತು ತಾತನವರ ಹೆಸರು ಕೈಬಿಟ್ಟುಹೋಗಿವೆ, ಹಿರಿಯರನ್ನು ಮರೆತ ಪಾಪ ತಮಗೆ ಬೇಡ ಎಂದು ಬರೆದಿದ್ದರು.

“ಮಾಮಾ, ಇಷ್ಟು ಹೆಸರು ಹಾಕಿದ್ರೆ ನಿಮ್ಮ ಸಾಲು ಏಳನೇ ಪುಟಕ್ಕೆ ಹೋಗುತ್ತೆ ನಾ. ಏಳನೇ ಮಹಡಿ ಇಲ್ಲ ಅಂತ ನೀವೇ ಹೇಳಿದ್ರಿ,” ಎಂದರು ಅನುರಾಧಾ ಮೇಡಂ.

“ಪೂರ್ತಿ ಸಾಲು ಹೋಗೋದಕ್ಕೆ ಇಲ್ಲ ಅಂದೆ ಕಣಮ್ಮ. ಅರ್ಧ ಹೋಗೋದಕ್ಕೆ ಇದೆ. ಟೆರೇಸು,” ಎಂದರು ಶಾಮಣ್ಣನವರು.

ಏಳನೆಯ ಪುಟವಿದ್ದರೆ ಏಳನೆಯ ಮಹಡಿ ಇದೆಯೆಂದೇ ನಿಯಮದ ಅರ್ಥವಾಗುತ್ತಿದ್ದರಿಂದ ಕಚೇರಿಗೆ ಬೇರೆ ದಾರಿ ಇರಲಿಲ್ಲ. ಯಲ್ಲಾಲಿಂಗನೇ ಟೈಪ್ ಮಾಡಿದ. ಆರನೆಯ ಪುಟದ ತಳದಲ್ಲಿ ಶಾಮಣ್ಣನವರು ಉಳಿದರು. ಏಳನೆಯ ಪುಟದ ನೆತ್ತಿಯ ಮೇಲೆ ತೀರಿಹೋದ ಅವರ ತಂದೆ, ತಾತ ಇಬ್ಬರೂ ಬಂದರು. ಆ ಪುಟದಲ್ಲಿ ಬೇರೆ ಯಾರೂ ಇಲ್ಲವಾದ್ದರಿಂದ ಇಡೀ ಟೆರೇಸು ಅವರಿಬ್ಬರದಾಯಿತು. ಉಳಿದವರು ಬಟ್ಟೆ ಎಲ್ಲಿ ಒಣಗಿಸಬೇಕೆಂದು ಕೇಳಿದಾಗ, ಈ ಬಗ್ಗೆ ಪಟ್ಟಿಯಲ್ಲಿ ಕಾಲಂ ಇಲ್ಲವೆಂದು ಉತ್ತರ ಬಂತು. ಎಲ್ಲರೂ ಅದು ನಿಜವೆಂದು ಒಪ್ಪಿಕೊಂಡರು.

ಮೂರು ವರ್ಷದಲ್ಲಿ ಕಟ್ಟಡ ಎದ್ದಿತು. ಭಾಗವ್ವನ ಒಲೆ, ನಲ್ಲಿ ಮೂರನೆಯ ಮಹಡಿಯಲ್ಲಿ ಬಂದವು. ಬಚ್ಚಲು, ಕಿಟಕಿ ನಾಲ್ಕನೆಯ ಮಹಡಿಯಲ್ಲಿ ಬಂದವು. ಮಂಡಿನೋವಿನ ಚಿಗವ್ವ ಸ್ನಾನಕ್ಕೆ ಏಣಿ ಹತ್ತುವಾಗ ಯಲ್ಲಾಲಿಂಗ ಕೆಳಗೆ ಏಣಿ ಹಿಡಿದು, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದ. ನಾಲ್ಕನೆಯ ಮಹಡಿಯ ಅರ್ಧಕ್ಕೆ ಹೊರಗಿನಿಂದಲೂ ಒಂದು ಬಾಗಿಲಿತ್ತು. ಅದರ ಮೇಲೆ ಕಚೇರಿಯವರೇ ಹಿತ್ತಾಳೆಯ ಬೋರ್ಡು ಹಾಕಿಸಿದ್ದರು: ಶಾಂತಪ್ಪ ಮುದ್ದೇಬಿಹಾಳಕರ. ಭಾಗವ್ವ ವಾರಕ್ಕೊಮ್ಮೆ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಅಷ್ಟೂ ಹೊತ್ತು ಅವಳ ಮುಖದಲ್ಲಿ ಮಂಡಿನೋವು ಇರುತ್ತಿರಲಿಲ್ಲ.

ಕಟ್ಟಡದ ನಿವಾಸಿಗಳ ಸೊಸೈಟಿ ರಚನೆಯಾಯಿತು, ಶಾಮಣ್ಣನವರೇ ಅಧ್ಯಕ್ಷರಾದರು. ಸತತ ಮೂರು ಸಭೆಗಳಿಗೆ ಗೈರುಹಾಜರಾದ ಹಕ್ಕುದಾರರ ಜಾಗವು ಸೊಸೈಟಿಯ ವಶಕ್ಕೆ ಬರತಕ್ಕದ್ದು ಎಂಬ ನಿಯಮವನ್ನು ಮೊದಲ ಸಭೆಯಲ್ಲೇ ಮಾಡಲಾಯಿತು. ಶಾಂತಪ್ಪ ಆ ಸಭೆಗೆ ಗೈರುಹಾಜರಾಗಿದ್ದ. ಎರಡನೆಯದಕ್ಕೂ ಬರಲಿಲ್ಲ. ನಾಲ್ಕನೆಯ ಮಹಡಿಯ ಆ ಅರ್ಧವನ್ನು ಸೊಸೈಟಿಯ ಆಫೀಸು ಮಾಡಿದರೆ ಅಧ್ಯಕ್ಷರ ಕುರ್ಚಿಗೆ ಕಿಟಕಿಯ ಗಾಳಿ ಬರುತ್ತದೆಂದು ಶಾಮಣ್ಣನವರು ಆಗಲೇ ಟೇಪು ಹಿಡಿದು ಅಳೆಸಿದ್ದರು.

ಮೂರನೆಯ ಸಭೆ ಭಾನುವಾರ ಬೆಳಿಗ್ಗೆ ಟೆರೇಸಿನ ಮೇಲೆ, ಶಾಮಣ್ಣನವರ ತಂದೆ ಮತ್ತು ತಾತನವರ ಅನುಮತಿ ಪಡೆದು, ಸೇರಿತು. ಯಲ್ಲಾಲಿಂಗ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಜರಿ ಪಟ್ಟಿ ತುಂಬುತ್ತಿದ್ದ. ಒಂದು ಪದ ಟೈಪ್ ಮಾಡಿದರೆ ಚಿಗವ್ವನಿಗೆ ಬಚ್ಚಲೂ ಇಲ್ಲ, ಆ ಬೋರ್ಡೂ ಇಲ್ಲ.

“ಮೂರನೇ ಮಹಡಿ, ಭಾಗವ್ವ,” ಎಂದು ಕೂಗಿದರು ಶಾಮಣ್ಣನವರು.

“ಬಂದೀನ್ರಿ.”

“ನಾಲ್ಕನೇ ಮಹಡಿ, ಶಾಂತಪ್ಪ ಮುದ್ದೇಬಿಹಾಳಕರ.” ಒಂದು ಕ್ಷಣ ಕಾದರು. “ಗೈರುಹಾಜರು ಅಂತ ಬರ್ಕೊಳ್ಳಪ್ಪ.”

“ಗೈರಲ್ರಿ,” ಎಂದಳು ಭಾಗವ್ವ. “ಬಂದಾರ. ಇಲ್ಲೇ ನನ್ನ ಬಾಜೂಕ ಕುಂತಾರ.”

ಎಲ್ಲರೂ ಅವಳ ಪಕ್ಕಕ್ಕೆ ನೋಡಿದರು. ಅಲ್ಲಿ ಖಾಲಿ ಚಾಪೆ ಇತ್ತು. ಚಾಪೆಯ ಅಂಚಿನಲ್ಲಿದ್ದ ಹನುಮವ್ವ ಸೆರಗು ಸರಿಮಾಡಿಕೊಂಡು ಸ್ವಲ್ಪ ಆಚೆ ಸರಿದು ಕೂತಳು.

“ಅದು ಹೇಗಮ್ಮ ಆಗುತ್ತೆ? ಅವರು ಹೋಗಿ ಎಷ್ಟು ವರ್ಷ ಆಯ್ತು?” ಎಂದರು ಶಾಮಣ್ಣನವರು.

ಆಗ ಯಲ್ಲಾಲಿಂಗ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, ಬಹಳ ವಿನಯದಿಂದ ಕೇಳಿದ: “ಅಧ್ಯಕ್ಷರೇ, ಏಳನೇ ಪುಟದಾಗ ನಿಮ್ಮ ತಂದಿಯವರು, ಮುತ್ಯಾ ಅವರು ಅದಾರಲ್ರಿ. ಅವರಿಗೆ ಏನಂತ ಹಾಕ್ಲಿ? ಹೋದ ಎರಡೂ ಸಭೆಗೆ ಹಾಜರು ಅಂತ ನೀವ ಹಾಕಿಸೀರಿ.”

ಶಾಮಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. ಟೆರೇಸನ್ನು ಒಂದು ಸುತ್ತು ನೋಡಿದರು. ಆಮೇಲೆ ಖಾಲಿ ಚಾಪೆಯ ಕಡೆ ತಿರುಗಿ, ಸಭಾ ಮರ್ಯಾದೆಗೆ ತಕ್ಕಂತೆ ತಲೆ ಬಾಗಿಸಿದರು.

“ಶಾಂತಪ್ಪನವರು ಹಾಜರು,” ಎಂದರು. “ಮುಂದಿನ ವಿಷಯ, ನೀರಿನ ಟ್ಯಾಂಕು.”

ಯಲ್ಲಾಲಿಂಗ ಹಾಜರು ಎಂದು ಟೈಪ್ ಮಾಡಿದ. ಟ್ಯಾಂಕಿನ ವಿಷಯದಲ್ಲಿ ಕೈ ಎತ್ತಿದವರನ್ನು ಎಣಿಸುವಾಗ ಭಾಗವ್ವ ಎರಡು ಕೈ ಎತ್ತಿದಳು, ಎರಡನ್ನೂ ಎಣಿಸಲಾಯಿತು. ಸಭೆ ಮುಗಿದು ಚಹಾ ಬಂದಾಗ ಖಾಲಿ ಚಾಪೆಯ ಮುಂದೆಯೂ ಒಂದು ಕಪ್ಪು ಇಟ್ಟರು. ಸಕ್ಕರೆ ಎಷ್ಟು ಎಂದು ಶಾಮಣ್ಣನವರೇ ಕೇಳಿದರು.

“ಎರಡು ಚಮಚ ಹಾಕ್ರಿ,” ಎಂದಳು ಭಾಗವ್ವ. “ಅವರಿಗೆ ಸಿಹಿ ಬೇಕು.”