ವೀಕ್ಷಕರು ಪಂಕ್ತಿಯಿಂದ ಏಳದಂತೆ ನೋಡಿಕೊಳ್ಳುವ ಬಗ್ಗೆ

ಕನ್ನಡ ಸಂಘ, ಚುನಾವಣಾ ಶಾಖೆ
ವಿಂಡಮ್ ವೇಲ್, ಮೆಲ್ಬರ್ನ್

ಸಂಖ್ಯೆ: ಚುಶಾ/ಹೋಳಿಗೆ/07/2025

ವಿಷಯ: ಅಧ್ಯಕ್ಷರ ಚುನಾವಣೆಗೆ ಸಿಡ್ನಿಯಿಂದ ಬರುವ ರಾಜಕಾರಣಿ ವೀಕ್ಷಕರ ಸತ್ಕಾರ.

ಉಲ್ಲೇಖ: 1) ಕಳೆದ ಚುನಾವಣೆಯ ಊಟ.
2) ಶ್ರೀಮತಿ ರುದ್ರವ್ವನವರ ಮೌಖಿಕ ಹೇಳಿಕೆ, ಶನಿವಾರ, ಕಾರ್ ಪಾರ್ಕಿಂಗ್.

ಹನ್ನೊಂದು ವರ್ಷಗಳಿಂದ ಅಧ್ಯಕ್ಷರಾಗಿರುವ ಶ್ರೀ ಅಡಿವೆಪ್ಪನವರ ಎದುರು ಅಡುಗೆ ಸಮಿತಿಯ ರುದ್ರವ್ವನವರು ನಾಮಪತ್ರ ಸಲ್ಲಿಸಿದ್ದಾರೆ. ಅದನ್ನು ತಿರಸ್ಕರಿಸಬೇಕಾಗಿದ್ದ ಅಧಿಕಾರಿಯು ಅಂದು ರಜೆಯಲ್ಲಿದ್ದ ಕಾರಣ ನಾಮಪತ್ರವು ಸ್ವೀಕೃತವಾಗಿದೆ. ಈ ಅನಿರೀಕ್ಷಿತ ಸನ್ನಿವೇಶದಲ್ಲಿ ಸದಸ್ಯರೆಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಸಿಡ್ನಿಯಿಂದ ವಿಮಾನದಲ್ಲಿ ಬರಬೇಕಾಗಿರುವುದರಿಂದ ಕೌನ್ಸಿಲರ್ ರುಡೊಲ್ಫ್ ಹಾಗೂ ಚುನಾವಣೆಗಳಲ್ಲಿ ಮೂರು ಬಾರಿ ಸೋತ ಅನುಭವವುಳ್ಳ ಶ್ರೀ ತ್ರಿವಿಕ್ರಮ ಅವರನ್ನು ಅಂತರರಾಷ್ಟ್ರೀಯ ವೀಕ್ಷಕರೆಂದು ಪರಿಗಣಿಸಲಾಗಿದೆ. ಕಾರಿನಲ್ಲಿ ಬಂದಲ್ಲಿ ಈ ಮಾನ್ಯತೆ ತಾನಾಗಿಯೇ ರದ್ದಾಗುವುದು.

2. ಇವರ ಕಳೆದ ವರದಿಯು ನಾಲ್ಕು ಪುಟಗಳದ್ದಾಗಿದ್ದು, ಮೂರೂವರೆ ಪುಟಗಳು ರುದ್ರವ್ವನವರ ಶೇಂಗಾ ಹೋಳಿಗೆಯ ಕುರಿತಾಗಿದ್ದವು. ಉಳಿದ ಅರ್ಧ ಪುಟದಲ್ಲಿ ಚುನಾವಣೆ ಶಾಂತವಾಗಿತ್ತೆಂದು ದಾಖಲಾಗಿದೆ. ಈ ಪ್ರಮಾಣವನ್ನು ಕಾಪಾಡಿಕೊಳ್ಳತಕ್ಕದ್ದು.

3. ಮತ ಎಣಿಕೆಯು ಊಟದ ವೇಳೆಯಲ್ಲೇ, ಸ್ಟೋರ್‌ರೂಮಿನಲ್ಲಿ, ಬಾಗಿಲು ಹಾಕಿಕೊಂಡು, ಪಾರದರ್ಶಕವಾಗಿ ನಡೆಯುವುದು. ವೀಕ್ಷಕರನ್ನು ಗೋಡೆಗೆ ಮುಖ ಮಾಡಿ ಕೂರಿಸತಕ್ಕದ್ದು.

4. ಪಂಕ್ತಿಯಲ್ಲಿ ಹಿರಿಯರ ಊಟ ಮುಗಿಯುವ ಮುನ್ನ ಯಾರೂ ಏಳಬಾರದೆಂಬುದು ನಮ್ಮ ಕಡೆಯ ಪದ್ಧತಿ. ಆದುದರಿಂದ ಎಂಬತ್ತೆರಡರ ಶ್ರೀ ಪಂಚಾಕ್ಷರಯ್ಯನವರನ್ನು ವೀಕ್ಷಕರ ಪಕ್ಕದಲ್ಲಿ ಕೂರಿಸಲಾಗುವುದು. ಎಣಿಕೆ ಮುಗಿಯುವ ಮೊದಲು ಅವರು ಮಜ್ಜಿಗೆ ಕೇಳತಕ್ಕದ್ದಲ್ಲ.

5. ಸದಸ್ಯರು ವೀಕ್ಷಕರೊಂದಿಗೆ "ಇನ್ನೊಂದು ಹಾಕ್ಲ್ಯಾ?", "ತುಪ್ಪಾ?" ಎಂಬೆರಡು ಮಾತುಗಳನ್ನು ಮಾತ್ರ ಆಡಬಹುದು. ಮಕ್ಕಳು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ನಿಜ ಹೇಳುವ ಅಭ್ಯಾಸವುಳ್ಳವರಾದ್ದರಿಂದ ಅವರನ್ನು ಪಾರ್ಕಿಗೆ ಕಳುಹಿಸತಕ್ಕದ್ದು.

6. ಬಾಯಿ ತುಂಬಿದ್ದಾಗಿನ ವೀಕ್ಷಕರ ಮೌನವನ್ನು ತೃಪ್ತಿಯೆಂದೂ, ಬಾಯಿ ಖಾಲಿಯಿದ್ದಾಗಿನ ಮೌನವನ್ನು ಹಸಿವೆಂದೂ ದಾಖಲಿಸಿಕೊಳ್ಳಲಾಗುವುದು. ಮೂರನೆಯ ಬಗೆಯ ಮೌನಕ್ಕೆ ನಮೂನೆಯಲ್ಲಿ ಅವಕಾಶವಿರುವುದಿಲ್ಲ.

7. ಆದಾಗ್ಯೂ, ಉಲ್ಲೇಖ 2ರಂತೆ ರುದ್ರವ್ವನವರು "ಈ ಸಲ ನಾ ಹೋಳಿಗಿ ಮಾಡಂಗಿಲ್ರಿ. ಓಟಿಗೆ ನಿಂತೀನಿ. ಬಂದವರು ಓಟಿನ ಡಬ್ಬಿ ನೋಡ್ಲಿ" ಎಂದು ತಿಳಿಸಿರುತ್ತಾರೆ. ಬದಲಿಗೆ ಹೊರಗಿನ ಕೇಟರಿಂಗ್ ಊಟವನ್ನು ಪರೀಕ್ಷಿಸಲಾಗಿ, ಸ್ವತಃ ಅಧ್ಯಕ್ಷರೇ ಒಂಬತ್ತು ನಿಮಿಷಗಳಲ್ಲಿ ಎದ್ದುಹೋದರು.

8. ಮೇಲ್ಕಂಡ ಕಾರಣಗಳಿಂದಾಗಿ ವೀಕ್ಷಕರು ವೀಕ್ಷಿಸುವ ಅಪಾಯವು ಎದುರಾಗಿದ್ದು, ಹೋಳಿಗೆಯ ವ್ಯವಸ್ಥೆಯಾಗುವವರೆಗೆ ಚುನಾವಣೆಯನ್ನು ಮುಂದೂಡಲಾಗಿದೆ.

(ಸಹಿ)
ವಿರುಪಾಕ್ಷ
ಚುನಾವಣಾಧಿಕಾರಿ ಹಾಗೂ ಅಧ್ಯಕ್ಷರ ಭಾವಮೈದುನ

ಪ್ರತಿಗಳು:
1. ಶ್ರೀ ಅಡಿವೆಪ್ಪ, ಅಧ್ಯಕ್ಷರು: ಶೇಂಗಾ ಹುರಿಯುವುದನ್ನು ಕಲಿಯುವ ಅಗತ್ಯ ಕ್ರಮಕ್ಕಾಗಿ.
2. ಇಬ್ಬರು ವೀಕ್ಷಕರು: ಟಿಕೆಟ್ ಬುಕ್ ಆಗಿದ್ದಲ್ಲಿ ಮೆಲ್ಬರ್ನ್ ನೋಡಿಕೊಂಡು ಹೋಗಲು.
3. ಶ್ರೀ ಪಂಚಾಕ್ಷರಯ್ಯ: ಸದ್ಯಕ್ಕೆ ಬೇಗ ಉಣ್ಣಬಹುದೆಂಬ ಮಾಹಿತಿಗಾಗಿ.
4. ಶ್ರೀಮತಿ ರುದ್ರವ್ವ: ಮರುಪರಿಶೀಲನೆಗಾಗಿ. (ಕರಡು ಪ್ರತಿಯನ್ನು ಕಳುಹಿಸಲಾಗಿ, ಹಿಂಬದಿಯಲ್ಲಿ "ನಾ ಕಾಯ್ತೀನ್ರಿ" ಎಂದಷ್ಟೇ ಬರೆದು ಹಿಂತಿರುಗಿಸಿರುತ್ತಾರೆ.)
5. ಕಡತಕ್ಕೆ.