ಸಾಯಬಣ್ಣನ ಬಾಗಿಲ ಬೇವು

ಶಹಾಬಾದಿನ ಆ ಓಣಿಯಲ್ಲಿ ನೆರಳು ಎಲ್ಲರಿಗೂ ಬೇಕಿತ್ತು, ಗಿಡ ಮಾತ್ರ ಯಾರಿಗೂ ಬೇಡವಾಗಿತ್ತು. ಓಣಿಗೊಂದು ಗಿಡವೆಂದು ನಗರಸಭೆಯವರು ಬೇವಿನ ಸಸಿ ಇಳಿಸಿ ಹೋದದ್ದೇ ತಡ, ತಕರಾರು ಶುರುವಾಯಿತು.

"ನಮ್ಮ ಅಂಗಳದಾಗ ಎಲಿ ಬೀಳ್ತಾವ. ಕಸ ಹೊಡಿಯೋರ್ಯಾರು?" ಎಂದಳು ಸಾಯಬಣ್ಣನ ಪಕ್ಕದ ಮನೆಯ ತುಳಜಾಬಾಯಿ.

"ಬೇರು ಬಂದು ನಮ್ಮ ನೀರಿನ ಟಾಕಿ ಒಡೀತಾವ," ಎಂದ ಎದುರು ಮನೆಯ ಮಶಾಕ.

ಸಸಿ ಬಸ್ಸು ತಪ್ಪಿಸಿಕೊಂಡ ಮುದುಕನಂತೆ ಬಿಸಿಲಲ್ಲಿ ನಿಂತಿತ್ತು. ಸಾಯಬಣ್ಣ ಮೆಲ್ಲಗೆ ಬಾಯಿ ಬಿಟ್ಟ: "ನಮ್ಮ ಮನಿ ಮುಂದ ಹಚ್ರಿ. ಆದ್ರ ದಿನಾ ಒಂದೊಂದು ಮನಿಯವ್ರು ನೀರು ತಂದ್ ಹಾಕ್ಬೇಕು."

ಎಲ್ಲರೂ ಒಪ್ಪಿದರು. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಹೆಂಡತಿ ತೀರಿಕೊಂಡ ಮೇಲೆ ಅವನ ಬಾಗಿಲಿಗೆ ಬರುತ್ತಿದ್ದವನು ಕರೆಂಟಿನ ಮೀಟರು ನೋಡುವವನೊಬ್ಬನೇ. ಅವನೂ ಮೀಟರನ್ನಷ್ಟೇ ಮಾತಾಡಿಸಿ ಹೋಗುತ್ತಿದ್ದ. ಇನ್ನು ಕೊಡ ಹಿಡಿದು ಬಂದವರು ಎರಡು ಮಾತಾಡದೆ ಹೋಗುತ್ತಾರೆಯೇ?

ಅದೇ ಹುರುಪಿನಲ್ಲಿ ಬಾಗಿಲ ಮುಂದೆ ಹಾಸಿದ್ದ ಪರ್ಸಿಕಲ್ಲು ಎಬ್ಬಿಸಿ ಹಾರೆ ಹಾಕಿದ. ಏಟು ನೇರವಾಗಿ ನಲ್ಲಿಯ ಪೈಪಿಗೆ ಬಿತ್ತು. ನೀರು ಚಿಮ್ಮಿ, ತುಳಜಾಬಾಯಿ ಒಣಹಾಕಿದ್ದ ಶಾವಿಗೆ ಮತ್ತೆ ಹಿಟ್ಟಾಯಿತು.

"ಗಿಡ ಹಚ್ಚು ಅಂದ್ರ ಕೆರಿ ತೋಡೀಯಲ್ಲೊ ಸಾಯಬಣ್ಣ," ಎಂದು ಅವಳು ಬೈದಳು. ಓಣಿಯೆಲ್ಲ ಬಂದು ಬೈಯಿತು. ಕೆಸರಲ್ಲಿ ನಿಂತ ಸಾಯಬಣ್ಣನಿಗೆ ಒಳಗೊಳಗೇ ಹಿತವೆನಿಸಿತು. ಇಷ್ಟು ಜನ ತನ್ನ ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತು.

ನಲ್ಲಿ ಕೆಲಸದ ಮತೀನ ಪೈಪು ಜೋಡಿಸತೊಡಗಿದ. ಸಸಿಯೂ ನೆಲ ಕಂಡಿತು. ನಾಳೆ ಬರುವವರಿಗೆಂದು ಸಾಯಬಣ್ಣ ಪೇಟೆಗೆ ಹೋಗಿ ಚಹಾಪುಡಿ, ಹೂವಿನ ಚಿತ್ರದ ಹೊಸ ಕಪ್ಪುಗಳನ್ನು ತಂದ.

ಮರಳಿದಾಗ ಎಲ್ಲರೂ ನಗುತ್ತ ನಿಂತಿದ್ದರು.

"ಕಾಕಾ, ನೀರಿನ ಚಿಂತಿ ಬಿಡ್ರಿ," ಎಂದ ಮತೀನ. "ನಿಮ್ಮ ಬಚ್ಚಲ ನೀರು ಗಿಡದ ಬುಡಕ್ಕ ತಿರುವೀನಿ. ನೀವು ಜಳಕ ಮಾಡಿದ್ರ ಸಾಕು. ನೀರೂ ಉಳೀತದ, ಯಾರೂ ಬರೂದೂ ಬ್ಯಾಡ."

"ಭಾಳ ಚಲೋ ಆತು," ಎನ್ನುತ್ತ ಎಲ್ಲರೂ ತಮ್ಮ ತಮ್ಮ ಮನೆ ಸೇರಿದರು. ಸಾಯಬಣ್ಣ ಕಪ್ಪುಗಳನ್ನು ಹಿಡಿದು ಅಲ್ಲೇ ನಿಂತ.

ಮರುದಿನ ಬೆಳಿಗ್ಗೆ ಎದುರು ಮನೆಯ ಕಿಟಕಿ ತೆರೆಯಿತು.

"ಸಾಯಬಣ್ಣ, ಜಳಕ ಆತೇನಪಾ?" ಮಶಾಕ ಕೇಳಿದ.

"ಆತು. ಬಾರಪಾ, ಚಹಾ..." ಎನ್ನುವಷ್ಟರಲ್ಲಿ ಕಿಟಕಿ ಮುಚ್ಚಿತ್ತು.