ಸಾಹೇಬರ ಮೂರು ಕೆಮ್ಮು

ಬೀಗದ ಕಾರ್ಖಾನೆಯ ಗುಮಾಸ್ತ ತನ್ನ ಹಳೇ ಲ್ಯಾಪ್‌ಟಾಪ್ ಮಾರಿದ್ದೇನೋ ಸರಿ. ಮಾರಿದ್ದು ಮಾತ್ರ ತನ್ನ ಮ್ಯಾನೇಜರ್ ಸಾಹೇಬರಿಗೇ. ಹೆಡ್ ಗುಮಾಸ್ತರ ಕುರ್ಚಿ ಖಾಲಿ ಬಿದ್ದಿತ್ತು. ಅದರಲ್ಲಿ ಯಾರನ್ನು ಕೂರಿಸುವುದು ಎಂದು ಸಾಹೇಬರು ಸೋಮವಾರ ಹೇಳುವವರಿದ್ದರು. ಅವರ ಮಗಳಿಗೆ ಓದಲು ಒಂದು ಕಂಪ್ಯೂಟರ್ ಬೇಕಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಗುಮಾಸ್ತ ಓಡಿಹೋಗಿ, "ನಂದೇ ತಗೊಳ್ಳಿ ಸಾರ್, ಹೂವಿನ ಹಾಗೆ ಇಟ್ಕೊಂಡಿದೀನಿ" ಎಂದು ಹಲ್ಲು ಗಿಂಜಿದ್ದ.

ಭಾನುವಾರ ಬೆಳಿಗ್ಗೆ ಸಾಹೇಬರ ಫೋನ್ ಬಂತು.

"ಸಂಜೆ ಬಂದು ತಗೊಂಡು ಹೋಗ್ತೀನಯ್ಯಾ. ನನ್ನ ಮಗಳು ಬಲೇ ಚುರುಕು. ಅಳಿಸಿ ಹಾಕಿದ್ದನ್ನೂ ಕೆದಕಿ ಕೆದಕಿ ವಾಪಸ್ ತರ್ತಾಳೆ. ಅಂದ್ರೆ ಏನರ್ಥ? ಪ್ರತಿಭೆ!"

ಗುಮಾಸ್ತ ಟೀ ಲೋಟ ಅಲ್ಲೇ ಬಿಟ್ಟು ಲ್ಯಾಪ್‌ಟಾಪಿನ ಕಡೆ ಓಡಿದ. ಯಾಕೆಂದರೆ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಸಾಹೇಬರೇ ಇದ್ದರು.

ವಿಷಯ ಇಷ್ಟು. ಸಾಹೇಬರ ಹತ್ತಿರ ಬೈಸಿಕೊಂಡ ದಿನವೆಲ್ಲಾ ಗುಮಾಸ್ತ ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಕ್ಯಾಮೆರಾ ಮುಂದೆ ಸಾಹೇಬರಾಗಿಬಿಡುತ್ತಿದ್ದ. ಮೂರು ಸಲ ಕೆಮ್ಮಿ, ಪ್ಯಾಂಟನ್ನು ಎದೆಯವರೆಗೆ ಎಳೆದುಕೊಂಡು, ಹೊಟ್ಟೆಯನ್ನು ಮುಂದೆ ಕಳಿಸಿ ಅದರ ಹಿಂದೆ ತಾನು ನಡೆದು, "ಅಂದ್ರೆ ಏನರ್ಥ?" ಎಂದು ಗರ್ಜಿಸುತ್ತಿದ್ದ. ಆಮೇಲೆ ಅದನ್ನು ತಾನೇ ನೋಡಿ ನಕ್ಕು ಮಲಗಿದರೆ ಗಡದ್ದಾಗಿ ನಿದ್ದೆ. ಬೇರೆಯವರು ಮಾತ್ರೆ ನುಂಗುತ್ತಾರೆ, ಇವನದು ಈ ಔಷಧ. ಬೈಗುಳಕ್ಕೆ ಬರವಿಲ್ಲದ್ದರಿಂದ ವಿಡಿಯೋಗಳೂ ರಾಶಿ ಬಿದ್ದಿದ್ದವು.

ಎಲ್ಲವನ್ನೂ ಅಳಿಸಿದ. ಆದರೂ ನಂಬಿಕೆ ಬರಲಿಲ್ಲ. ಹೆಂಡತಿಯ ತಮ್ಮನನ್ನು ಕರೆಸಿದ. ಈ ಬಾಮೈದನಿಗೆ ಕಂಪ್ಯೂಟರ್ ಬಗ್ಗೆ ಅರ್ಧ ಗೊತ್ತು, ಉಳಿದರ್ಧಕ್ಕೆ ಧೈರ್ಯ ಇತ್ತು.

"ಭಾವ, ಅಳಿಸೋದು ಅಂದ್ರೆ ಮನೆ ಮುಂದಿನ ಹೆಸರಿನ ಹಲಗೆ ಕಿತ್ತ ಹಾಗೆ ಅಷ್ಟೇ. ಒಳಗಿರೋರು ಹಾಯಾಗಿ ಒಳಗೇ ಇರ್ತಾರೆ. ಹೊಸ ಬಾಡಿಗೆಯವರನ್ನ ತಂದು ತುಂಬಬೇಕು. ಆಗ ಹಳಬರು ಖಾಲಿ ಮಾಡ್ತಾರೆ."

"ಹೊಸಬರನ್ನ ಎಲ್ಲಿಂದ ತರ್ಲೋ?"

ಅಷ್ಟರಲ್ಲಿ ಮಹಡಿಯ ಮೇಲಿನ ಡ್ರಿಲ್ ಮೇಷ್ಟ್ರು ಕರೆಯದೇ ಇಳಿದು ಬಂದರು. ಕೈಯಲ್ಲಿ ಅಂಗೈಯಗಲದ ಅಯಸ್ಕಾಂತ. "ಇದನ್ನ ಉಜ್ಜಿದ್ರೆ ಸಾಕು, ಒಳಗಿರೋದೆಲ್ಲಾ ಅಟೆನ್ಷನ್‌ನಲ್ಲಿ ಹೊರಗೆ!" ಎಂದು ಉಜ್ಜಿಯೇಬಿಟ್ಟರು. ಗುಮಾಸ್ತನ ಹೆಂಡತಿಯ ಹೇರ್‌ಪಿನ್ನು ಹಾರಿಬಂದು ಅಂಟಿಕೊಂಡಿತು, ಮೇಷ್ಟ್ರ ಕೈಗಡಿಯಾರ ನಿಂತುಹೋಯಿತು. ಕಂಪ್ಯೂಟರಿಗೆ ಏನೂ ಆಗಲಿಲ್ಲ.

ಕೊನೆಗೆ ಬಾಮೈದನಿಗೇ ಉಪಾಯ ಹೊಳೆಯಿತು. "ಕ್ಯಾಮೆರಾದಲ್ಲಿ ವಿಡಿಯೋ ಆನ್ ಮಾಡಿ ಗೋಡೆಗೆ ಮುಖ ಮಾಡಿ ಇಟ್ಬಿಡೋಣ ಭಾವ. ಹೊಟ್ಟೆ ತುಂಬೋವರೆಗೂ ಗೋಡೆ ತಿನ್ನಲಿ. ನಿಮ್ಮ ಹಳೇದೆಲ್ಲಾ ಸುಣ್ಣದ ಕೆಳಗೆ ಸಮಾಧಿ!"

ಹಾಗೇ ಮಾಡಿದರು. ಲ್ಯಾಪ್‌ಟಾಪ್ ಮೇಜಿನ ಮೇಲೆ ಕೂತು, ತರಗತಿಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ ಗೋಡೆ ನೋಡತೊಡಗಿತು. ಗುಮಾಸ್ತ ಉಸಿರು ಬಿಟ್ಟ.

ಬಿಟ್ಟ ಉಸಿರು ಮೂಗು ದಾಟುವ ಮುಂಚೆ ಪಕ್ಕದ ಮನೆಯ ದುರ್ಬೀನು ಅತ್ತೆ ಒಳಗೆ ಬಂದರು. ಬೀದಿಯ ಆ ತುದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಈ ತುದಿಯಲ್ಲಿ ಕೂತು ಹೇಳುವವರು.

"ಬೆಳಿಗ್ಗೆಯಿಂದ ಅಳಿಸ್ತಾ ಇದ್ದೀಯಂತಲ್ಲಪ್ಪಾ! ಒಬ್ಬ ಗಂಡಸು ಇಷ್ಟು ಬೆವರು ಸುರಿಸಿ ಅಳಿಸ್ತಾನೆ ಅಂದ್ರೆ ಒಳಗೆ ಯಾವಳೋ ಇದ್ದಾಳೆ ಅಂತಾನೇ."

ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು.

"ಹೌದಲ್ರೀ! ನಂಗೂ ಹೇಳದೆ ಬಾಗಿಲು ಹಾಕ್ಕೊಂಡು ನಗ್ತಾ ಇದ್ರಿ. ಯಾರ್ರೀ ಅವಳು?"

"ಅವಳಲ್ಲ ಕಣೇ, ಅವರು! ನಮ್ಮ ಸಾಹೇಬ್ರು!"

"ಸಾಹೇಬ್ರ ವಿಡಿಯೋ ನೋಡಿ ಯಾರಾದ್ರೂ ನಗ್ತಾರೇನ್ರೀ? ಎಲ್ಲಿ, ತೋರಿಸಿ."

"ಎಲ್ಲಿಂದ ತೋರಿಸ್ಲಿ? ಅಳಿಸಿಬಿಟ್ನಲ್ಲ!"

"ನೋಡಿದ್ರಾ ಅತ್ತೆ? ಅಳಿಸಿಬಿಟ್ರಂತೆ!" ಹೆಂಡತಿಯ ಕಣ್ಣಲ್ಲಿ ನೀರು. "ತವರಿಗೆ ಹೊರಟೆ. ಲೋ ತಮ್ಮಾ, ಗಾಡಿ ತೆಗಿಯೋ."

ಅತ್ತ ಕುರ್ಚಿ, ಇತ್ತ ಸಂಸಾರ. ಗುಮಾಸ್ತ ಕೈ ಮುಗಿದ. "ತಾಯೀ, ಸ್ವಲ್ಪ ನಿಲ್ಲು. ಅದರಲ್ಲಿ ಏನಿತ್ತು ಅಂತ ಇಲ್ಲೇ ಮಾಡಿ ತೋರಿಸ್ತೀನಿ. ಆಮೇಲೂ ಅನುಮಾನ ಇದ್ರೆ ಹೊರಡು."

"ಹಾಗಾದ್ರೆ ಜಾಗ ಮಾಡಿ" ಎಂದು ಡ್ರಿಲ್ ಮೇಷ್ಟ್ರು ಮೇಜನ್ನು ಮೂಲೆಗೆ ತಳ್ಳಿದರು. ದುರ್ಬೀನು ಅತ್ತೆ ಲ್ಯಾಪ್‌ಟಾಪ್ ಎತ್ತಿ, "ಥೂ, ಏನು ಧೂಳು!" ಎಂದು ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ, ಯಾರ ಕಾಲಿಗೂ ಸಿಗದಿರಲಿ ಎಂದು ಕಪಾಟಿನ ಮೇಲಿಟ್ಟು, ಮುಂದಿನ ಸಾಲಿನಲ್ಲಿ ಕೂತರು.

ಗುಮಾಸ್ತ ಮೂರು ಸಲ ಕೆಮ್ಮಿದ. ಪ್ಯಾಂಟು ಎದೆಗೇರಿತು. ಹೊಟ್ಟೆ ಮುಂದೆ ಹೊರಟಿತು.

"ಏನಯ್ಯಾ, ಬೀಗ ಇದೆ, ಕೀ ಇಲ್ಲ! ಅಂದ್ರೆ ಏನರ್ಥ? ನಿನ್ನ ಹಾಗೇ! ತಲೆ ಇದೆ, ಒಳಗೆ ಏನಿಲ್ಲ!"

ಹೆಂಡತಿ ಫಕ್ಕನೆ ನಕ್ಕಳು. ಅವಳು ನಕ್ಕದ್ದೇ ತಡ, ಗುಮಾಸ್ತನಿಗೆ ದೇವರು ಮೈಮೇಲೆ ಬಂದ ಹಾಗಾಯಿತು. ಸಾಹೇಬರು ಸೀನುವುದು, ಸಾಹೇಬರು ಮಧ್ಯಾಹ್ನ ಕಡತದ ಹಿಂದೆ ಗೊರಕೆ ಹೊಡೆಯುವುದು, ತಮ್ಮ ಹೆಂಡತಿಯ ಫೋನ್ ಬಂದರೆ ಹುಲಿ ಇದ್ದದ್ದು ಬೆಕ್ಕಾಗಿ, "ಬಂದೆ ಚಿನ್ನಾ, ಬೈಬೇಡ ಚಿನ್ನಾ" ಎನ್ನುವುದು, ಎಲ್ಲಾ ಮಾಡಿದ. ಬಾಮೈದ ನೆಲದ ಮೇಲೆ ಹೊರಳಾಡಿದ. ಮೇಷ್ಟ್ರು ತಾವೇ ಗುಮಾಸ್ತನ ಪಾತ್ರ ವಹಿಸಿ ಬೈಸಿಕೊಂಡರು. "ಇನ್ನೊಂದ್ಸಲ ಚಿನ್ನಾ ಮಾಡಪ್ಪಾ" ಎಂದು ದುರ್ಬೀನು ಅತ್ತೆ ಕೇಳಿ ಕೇಳಿ ಮಾಡಿಸಿದರು. ತವರಿನ ಮಾತು ಮರೆತೇಹೋಯಿತು.

ಮೆಟ್ಟಿಲ ಮೇಲೆ ಯಾರೋ ಮೂರು ಸಲ ಕೆಮ್ಮಿದರು. ಈ ಸಲ ಗುಮಾಸ್ತನಲ್ಲ.

"ಅಯ್ಯಯ್ಯೋ, ಬಂದ್ರು!"

ಬಾಮೈದ ಹಾರಿ ಲ್ಯಾಪ್‌ಟಾಪ್ ಇಳಿಸಿದ. "ಭಾವ, ಹೊಟ್ಟೆ ತುಂಬಿ ತಾನೇ ನಿಂತಿದೆ! ಹಳಬರೆಲ್ಲಾ ಖಾಲಿ!"

"ಆ ಹೊಸದನ್ನೂ ಅಳಿಸಿಬಿಡೋ!"

"ಬರೀ ಗೋಡೆ ತಾನೇ ಭಾವ. ಬೇಡ ಅಂದ್ರೆ ಅವರ ಮಗಳೇ ಅಳಿಸ್ಕೋತಾಳೆ" ಎಂದು ಮುಚ್ಚಳ ಮುಚ್ಚಿ ಕೈಗೆ ಕೊಟ್ಟ. ಗುಮಾಸ್ತ ಹೊಸ್ತಿಲಲ್ಲೇ ಬಗ್ಗಿ, ಎರಡೂ ಕೈಯಿಂದ ಸಾಹೇಬರಿಗೆ ಒಪ್ಪಿಸಿದ. ಆ ರಾತ್ರಿ ಔಷಧವಿಲ್ಲದೆಯೂ ನಿದ್ದೆ ಬಂತು.

ಸೋಮವಾರ ಸಾಹೇಬರು ತಮ್ಮ ಕೋಣೆಗೆ ಕರೆಸಿದರು.

"ಕಂಪ್ಯೂಟರ್ ಚೆನ್ನಾಗಿದೆ ಕಣಯ್ಯಾ. ಅಳಿಸಿದ್ದು ಏನಾದ್ರೂ ಸಿಗುತ್ತಾ ಅಂತ ನನ್ನ ಮಗಳು ಬಗೆದು ಬಗೆದು ನೋಡಿದಳು. ಒಂದು ಚೂರೂ ಸಿಗಲಿಲ್ಲ."

ಗುಮಾಸ್ತನ ಎದೆ ಉಬ್ಬಿತು. ಕುರ್ಚಿ ಕಣ್ಣ ಮುಂದೆ ಬಂದು ನಿಂತಿತು.

"ಅಳಿಸದೇ ಇದ್ದದ್ದು ಮಾತ್ರ ಒಂದು ಸಿಕ್ತು. ಶುರುವಿಗೆ ಬರೀ ಗೋಡೆ. ಆಮೇಲೆ ಯಾರೋ ಒಬ್ಬರು ಹೆಂಗಸು ಬಂದು ಕ್ಯಾಮೆರಾ ಚೆನ್ನಾಗಿ ಒರೆಸಿ, ಎತ್ತರದಲ್ಲಿ ಇಟ್ರು. ಅಲ್ಲಿಂದ ಮುಂದೆ ಕನ್ನಡಿ ನೋಡಿದ ಹಾಗಿದೆಯಯ್ಯಾ. ಧ್ವನಿ ಕೂಡ."

ಗುಮಾಸ್ತ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ.

"ಕುರ್ಚಿ ಬೇರೆಯವರಿಗೆ ಹೋಯ್ತು, ಅದನ್ನ ಮರೆತುಬಿಡು. ಈಗ ನನ್ನ ಕಷ್ಟ ಕೇಳು. ನನ್ನ ಹೆಂಡತಿ ಬೆಳಿಗ್ಗೆ ತಿಂಡಿ ಮಾಡಲೇ ಇಲ್ಲ, ಆ 'ಚಿನ್ನಾ' ಹಾಕಿ ಹಾಕಿ ನೋಡ್ತಾ ಕೂತಿದಾಳೆ. ಬರೋ ಭಾನುವಾರ ಅವಳ ಅಕ್ಕತಂಗಿಯರೆಲ್ಲಾ ಬರ್ತಾರಂತೆ. ನೀನೇ ಖುದ್ದಾಗಿ ಬಂದು ಮಾಡಬೇಕಂತೆ. ನೀನು ಬರದಿದ್ರೆ ಅವಳು ನನ್ನ ಬಿಡಲ್ಲ. ಬಂದು ಚೆನ್ನಾಗಿ ಮಾಡಿದ್ರೆ ನಾನು ನಿನ್ನ ಬಿಡಲ್ಲ. ಅಂದ್ರೆ ಏನರ್ಥ?"

ಗುಮಾಸ್ತ ಉತ್ತರ ಹೇಳಲು ಬಾಯಿ ತೆರೆದ. ಗಾಬರಿಯಲ್ಲಿ ಮಾತಿನ ಬದಲು ಬಂದದ್ದು ಕೆಮ್ಮು. ಒಂದಲ್ಲ, ಮೂರು. ತಡೆಯೋಣವೆಂದರೆ, ಅಷ್ಟರಲ್ಲಿ ಎರಡೂ ಕೈಗಳು ತಾವಾಗಿಯೇ ಕೆಳಗಿಳಿದು ಪ್ಯಾಂಟನ್ನು ಎದೆಯವರೆಗೆ ಎಳೆದಾಗಿತ್ತು.